ಮಾಮಾ ಕೇಳಿದ ಒಂದು ದಮ್

ಇಂಥ ಕಥೆ ಹೇಳುವವರನ್ನು ಕಂಡರೆ ಮೊದಲು ನಾನು ನಗುತ್ತಿದ್ದೆ. ಬರೀ ನಗುವುದಲ್ಲ, ಅವರನ್ನೇ ಹೆದರಿಸಿ ಕಳಿಸುತ್ತಿದ್ದೆ. ಜೇವರ್ಗಿಯಲ್ಲಿ ನನ್ನದೊಂದು ಡಿಜೆ ಸೌಂಡ್ ಇದೆ. ಸುತ್ತಲ ಹಳ್ಳಿಗಳಲ್ಲಿ ಯಾರ ಕಿವಿ ಮಂದವಾಗಿದ್ದರೂ ಅದರಲ್ಲಿ ನನ್ನ ಪಾಲಿದೆ. ಕೆಲಸವಿಲ್ಲದ ದಿನ ಗೆಳೆಯರು ಅಂಗಡಿಯಲ್ಲಿ ಕೂತು ದೆವ್ವದ ಸುದ್ದಿ ತೆಗೆದರೆ, ನಾನು ಮೆಲ್ಲಗೆ ಮೈಕ್ ಹಿಡಿದು, ಎಕೋ ಗುಂಡಿ ತಿರುಗಿಸಿ, "ಬಂದೇನಲೇ..." ಅಂತ ದನಿ ಬಿಡುತ್ತಿದ್ದೆ. ಒಬ್ಬ ಮೈಮೇಲೆ ಚಹಾ ಚೆಲ್ಲಿಕೊಂಡಿದ್ದ, ಇನ್ನೊಬ್ಬ ಒಂದೇ ಚಪ್ಪಲಿ ಮೆಟ್ಟಿ ಓಡಿಹೋಗಿದ್ದ. ದೆವ್ವ ಅಂದರೆ ಮಿಕ್ಸರ್‌ನಲ್ಲಿರುವ ಒಂದು ಗುಂಡಿ ಅಂತ ತಿಳಿದವನು ನಾನು. ಹೀಗಾಗಿ, ಈಗ ಹೇಳುವುದನ್ನು ನಂಬಿರಿ ಅಂತ ಕೇಳಲು ನನಗೆ ಮುಖವಿಲ್ಲ. ನೀವು ನಕ್ಕರೂ ನಡೆದೀತು. ಎಲ್ಲರೂ ಇಂಥದ್ದನ್ನು ಬರೆಯಲು ಹಗಲು ಹುಡುಕುತ್ತಾರೆ, ನಾನು ರಾತ್ರಿ ಬರೆಯುತ್ತಿದ್ದೇನೆ. ಯಾಕಂದರೆ ನನ್ನ ಹೆದರಿಕೆ ಮಧ್ಯಾಹ್ನದ್ದು.

ನನ್ನ ಸೋದರಮಾವ ಖಜೂರಿಯಲ್ಲಿರುತ್ತಾರೆ. ಆಳಂದದಿಂದ ಮಹಾರಾಷ್ಟ್ರದ ಕಡೆ ಹೋಗುವ ರಸ್ತೆಯ ಮೇಲೆ, ರಾಜ್ಯ ಮುಗಿಯುವ ಹೊತ್ತಿಗೆ ಬರುವ ಊರು. ಮಾಮಾ ಲಾರಿ ಡ್ರೈವರ್. ಡ್ರೈವರ್ ಆಗಿದ್ದರು ಅನ್ನಬೇಕು. ಸ್ಟೇರಿಂಗ್ ಹಿಡಿದ ಕೈ ಬಿಟ್ಟರೆ ಬೀಡಿ ಹಿಡಿದ ಕೈ, ಎರಡೇ ಅವರ ಕೈಗಳು. ಗೇರ್ ಯಾವ ಕೈಯಿಂದ ಹಾಕುತ್ತಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಪುಪ್ಪುಸ ಕೈಕೊಟ್ಟಿತು. ಕಲಬುರಗಿಯ ಡಾಕ್ಟರು ಅದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರದ ಹೆಸರು ಹೇಳಿದರು. ಇದು ವಾಸಿಯಾಗುವುದಿಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬೇಕು ಅಷ್ಟೇ, ಬೀಡಿ ಬಿಡದಿದ್ದರೆ ಅದೂ ಆಗುವುದಿಲ್ಲ ಅಂದರು. ನಮ್ಮ ಮನೆಯಲ್ಲಿ ಆ ನಾಲ್ಕು ಅಕ್ಷರ ಯಾರ ಬಾಯಿಗೂ ಹತ್ತಲಿಲ್ಲ. ನಮಗೆ ಅದು ದಮ್ಮು.

ಈ ಮಾತನ್ನು ಇಲ್ಲೇ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಉಸಿರಿಗೂ ದಮ್ ಅನ್ನುತ್ತಾರೆ, ಉಸಿರು ಕಟ್ಟುವ ಬೇನೆಗೂ ದಮ್ಮು ಅನ್ನುತ್ತಾರೆ, ಬೀಡಿಯ ಒಂದು ಎಳೆತಕ್ಕೂ ದಮ್ ಅನ್ನುತ್ತಾರೆ. ಗಡಿಬಿಡಿ ಮಾಡುವವನಿಗೆ ಸ್ವಲ್ಪ ತಡಿ ಅನ್ನುವುದಕ್ಕೂ ದಮ್ ಹಿಡಿ ಅನ್ನುತ್ತಾರೆ. ಲಾರಿಯವರಲ್ಲಿ ಇನ್ನೊಂದು ರೂಢಿಯಿದೆ. ಒಬ್ಬ ಬೀಡಿ ಸೇದುತ್ತಿರುವಾಗ ಇನ್ನೊಬ್ಬ "ಒಂದ್ ದಮ್ ಕೊಡಲೇ" ಅಂದರೆ ಇಲ್ಲ ಅನ್ನುವಂತಿಲ್ಲ. ಜಗಳವಾಡಿದವನಾದರೂ ಸರಿ, ಜಾತಿ ಬೇರೆಯಾದರೂ ಸರಿ, ತನ್ನ ಬಾಯಿಂದ ತೆಗೆದು ಅವನ ಬಾಯಿಗೆ ಕೊಡಬೇಕು. "ದಮ್ ಕೇಳಿದವಗ ಇಲ್ಲ ಅಂದ್ರ ಗಾಡಿ ಘಾಟ್‌ನ್ಯಾಗ ನಿಲ್ತದ" ಅಂತ ಮಾಮಾ ನನಗೆ ಚಿಕ್ಕವನಿದ್ದಾಗಲೇ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಹೇಳಿಕೊಡುವ ವಿದ್ಯೆಯೇ ಅದು?

ಬೀಡಿ ಬಿಟ್ಟ ಮೇಲೆ ಮಾಮಾರ ಬೆರಳುಗಳಿಗೆ ಏನು ಮಾಡಬೇಕೋ ತಿಳಿಯದಾಯಿತು. ಆಗ ನಾವಿಬ್ಬರೂ ಒಂದು ಆಟ ಶುರು ಮಾಡಿದೆವು. ಅವರು ಎರಡು ಬೆರಳು ಎತ್ತಿ, "ಒಂದ್ ದಮ್ ಕೊಡಲೇ ಅಳಿಯಾ" ಅನ್ನುವುದು. ನಾನು ಕ್ಲೀನರ್ ಹುಡುಗನಂತೆ ಬೆನ್ನು ಬಾಗಿಸಿ, ಇಲ್ಲದ ಬೀಡಿಯನ್ನು ನನ್ನ ಬಾಯಿಂದ ತೆಗೆದು, "ತೊಗೋರಿ ಉಸ್ತಾದ" ಅಂತ ಅವರ ತುಟಿಗೆ ಹಿಡಿಯುವುದು. ಅವರು ಕಣ್ಣು ಮುಚ್ಚಿ ಎಳೆದು, ಇಲ್ಲದ ಹೊಗೆಯನ್ನು ಮೇಲಕ್ಕೆ ಬಿಡುವುದು. ಮಾಮಾರ ಹೆಂಡತಿ, ನಮ್ಮ ಅತ್ತಿ, ಇದನ್ನು ನೋಡಿ, "ಇಬ್ಬರಿಗೂ ತಲಿ ಕೆಟ್ಟದ. ಒಬ್ಬರಿಗೆ ಗಾಳಿ ಇಲ್ಲ, ಒಬ್ಬಂಗೆ ಬುದ್ಧಿ ಇಲ್ಲ" ಅನ್ನುತ್ತಿದ್ದಳು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾಮಾರ ಮನೆಗೆ ಆಕ್ಸಿಜನ್ ಮಷಿನ್ ಬಂತು. ಸಣ್ಣ ಕಪಾಟಿನಷ್ಟು ದೊಡ್ಡದು. ಕರೆಂಟಿನ ಮೇಲೆ ನಡೆಯುತ್ತದೆ. ಮನೆಯ ಗಾಳಿಯನ್ನೇ ಎಳೆದು, ಸೋಸಿ, ಒಂದು ನೀರಿನ ಬಾಟ್ಲಿಯೊಳಗಿಂದ ಹಾಯಿಸಿ, ಸಣ್ಣ ನಳಿಗೆಯಿಂದ ಮೂಗಿಗೆ ಕಳಿಸುತ್ತದೆ. ಗಾಳಿ ಹಾಯುವಾಗ ಬಾಟ್ಲಿಯಲ್ಲಿ ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಗುಳ್ಳೆ ಇದ್ದರೆ ಗಾಳಿ ಇದೆ ಅಂತ ಅರ್ಥ. ಮಷಿನ್ ಅಂದ ಮೇಲೆ ಮನೆಮಂದಿಗೆಲ್ಲ ನೆನಪಾದವನು ನಾನು. ಡಿಜೆ ನಡೆಸುವವನಿಗೆ ಯಾವ ಮಷಿನ್ನಾದರೂ ತಿಳಿಯುತ್ತದೆ ಅಂತ ಅವರ ಲೆಕ್ಕ. ನಾನೂ ಎದೆ ಉಬ್ಬಿಸಿ ಬಸ್ ಹತ್ತಿ ಬಂದೆ. ಬಂದ ದಿನವೇ ಬಾಟ್ಲಿಗೆ ಕಂಠಮಟ ನೀರು ತುಂಬಿದೆ. ನಳಿಗೆಯಲ್ಲಿ ನೀರು ಹರಿದು ಮಾಮಾರ ಮೂಗಿಗೆ ಹೋಗಿ, ಅವರು ಸೀನಿದ ಸೀನಿಗೆ ಬೆಕ್ಕು ಮಾಳಿಗೆ ಹತ್ತಿತು. ಮರುದಿನ ಗಾಳಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟೆ. ವಾಲ್ಯೂಮ್ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವುದು ನನ್ನ ಕಸುಬಿನ ಸಿದ್ಧಾಂತ. ಅತ್ತಿ ನೋಡಿ ಬೆಚ್ಚಿಬಿದ್ದು ಡಾಕ್ಟರಿಗೆ ಫೋನ್ ಹಚ್ಚಿದಳು. ಇಂಥ ರೋಗಿಗೆ ಹೆಚ್ಚು ಗಾಳಿಯೂ ವಿಷ, ಹೇಳಿದಷ್ಟೇ ಇಡಬೇಕು ಅಂತ ಅವರು ಫೋನಿನಲ್ಲೇ ನನ್ನ ಸೌಂಡ್ ಇಳಿಸಿದರು.

ಇನ್ನು ಆ ದಿನಕ್ಕೆ ಬರುತ್ತೇನೆ.

ಅಮಾವಾಸ್ಯೆ. ಅತ್ತಿ ಪ್ರತಿ ಅಮಾವಾಸ್ಯೆಗೆ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಉಡಿ ತುಂಬಿ ಬರುತ್ತಾಳೆ. ಮಾಮಾರಿಗೆ ಬೇನೆ ಬಂದಾಗಿನಿಂದ ಒಂದೂ ತಪ್ಪಿಸಿಲ್ಲ. ಅವತ್ತು ಓಣಿಯ ಅರ್ಧ ಜನ ಅದೇ ಟೆಂಪೋದಲ್ಲಿ ಹೊರಟಿದ್ದರು. ಉಳಿದರ್ಧ ಹೊಲದಲ್ಲಿ. ಹೋಗುವಾಗ ಅತ್ತಿ ನನಗೆ ಹೇಳಿದ್ದು ಇಷ್ಟು.

"ಕರೆಂಟ್ ಹೋದ್ರ ಮೂಲ್ಯಾಗಿನ ಕರಿ ಸಿಲಿಂಡರ್ ಹಚ್ಚು. ಪಾನಾ ಅದರ ಕೊಳ್ಳಿಗೇ ಕಟ್ಟೇನಿ. ಮತ್ತ ನಿನ್ನ ಶಾಣ್ಯಾತನ ಮಾಡಬ್ಯಾಡಪ್ಪಾ."

"ಅತ್ತಿ, ನಾ ಇದ್ದೇನಲ್ಲ" ಅಂದೆ.

"ಅದಕ್ಕೇ ಹೇಳಾಕತ್ತೇನಿ" ಅಂದಳು.

ಮಧ್ಯಾಹ್ನ ಊಟವಾದ ಮೇಲೆ ಮಾಮಾ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಎರಡು ದಿನದಿಂದ ಅವರಿಗೆ ಕಫ ಹೆಚ್ಚಾಗಿತ್ತು, ಮಾತು ಕಡಿಮೆಯಾಗಿತ್ತು. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ರಸ್ತೆಯಲ್ಲಿ ಲಾರಿಗಳೂ ಇರಲಿಲ್ಲ. ನಾನು ನೆಲದ ಮೇಲೆ ಚಾಪೆ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದೆ. ಫ್ಯಾನ್ ನಿಂತಿತು. ಮಷಿನ್ ಒಂದು ಉದ್ದನೆಯ ಪೀಂಯ್ ಕೊಟ್ಟು, ಅದೂ ಸುಮ್ಮನಾಯಿತು. ಬಾಟ್ಲಿಯಲ್ಲಿ ಗುಳ್ಳೆ ಒಂದೊಂದಾಗಿ ಏಳುತ್ತ ಏಳುತ್ತ ನಿಂತವು.

ಮೊದಲು ನನಗೆ ಹೆದರಿಕೆಯಾಗಲಿಲ್ಲ. ದಿನವೂ ಹೋಗುವ ಕರೆಂಟು. ಸಿಲಿಂಡರ್ ಹತ್ತಿರ ಹೋದೆ, ಕೊರಳಿಗೆ ಕಟ್ಟಿದ್ದ ಪಾನಾ, ಅಂದರೆ ಸ್ಪ್ಯಾನರ್, ಬಿಚ್ಚಿದೆ, ಮೇಲಿನ ಕೀಲಿಗೆ ಹಾಕಿ ತಿರುಗಿಸಿದೆ. ಗಾಳಿ ಬರಲಿಲ್ಲ. ಇನ್ನೂ ತಿರುಗಿಸಿದೆ. ಬರಲಿಲ್ಲ. ಹಿಂದೆ ಮಾಮಾರ ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ಎರಡೂ ಕಾಲು ಗೋಡೆಗೆ ಕೊಟ್ಟು, ಹಲ್ಲು ಕಚ್ಚಿ, ಮೈಯಲ್ಲಿನ ಎಲ್ಲ ಬಲ ಹಾಕಿ ತಿರುಗಿಸಿದೆ. ಆಮೇಲೆ ತಿಳಿಯಿತು. ನಾನು ಬಲಕ್ಕೆ ತಿರುಗಿಸುತ್ತಿದ್ದೆ. ನನ್ನ ಜನ್ಮದಲ್ಲಿ ನಾನು ಮುಟ್ಟಿದ ಗುಂಡಿಗಳೆಲ್ಲ ಬಲಕ್ಕೆ ತಿರುಗಿಸಿದರೆ ಹೆಚ್ಚಾಗುವಂಥವು. ಸಿಲಿಂಡರ್ ಎಡಕ್ಕೆ ತೆರೆಯುತ್ತದೆ. ಈಗ ಎಡಕ್ಕೆ ತಿರುಗಿಸಲು ಹೋದರೆ ಕೀಲಿ ಕಲ್ಲಾಗಿ ಕೂತಿತ್ತು. ಪಾನಾ ಜಾರಿ ಕೈ ಕೆತ್ತಿತು. ಎರಡು ಏಟು ಹಾಕಿದೆ. ಅದು ಅಲ್ಲಾಡಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಆಳಂದದಿಂದ ಹೊರಡಿಸುತ್ತೇವೆ, ರೋಗಿಯನ್ನು ಕೂಡಿಸಿಟ್ಟಿರ್ರಿ ಅಂದರು. ಬಾಗಿಲಿಗೆ ಹೋಗಿ ಕೂಗಿದೆ. ಓಣಿಯಲ್ಲಿ ನಾಯಿ ಸಹ ತಲೆ ಎತ್ತಲಿಲ್ಲ. ಒಳಗೆ ಬಂದು ಮಾಮಾರಿಗೆ ಬಾಯಿಗೆ ಹೊಡೆಯುವ ಪಂಪ್ ಹಿಡಿದೆ. ಒಳಗೆ ಎಳೆದುಕೊಳ್ಳುವ ಶಕ್ತಿಯೇ ಅವರಿಗೆ ಇರಲಿಲ್ಲ, ಔಷಧಿ ತುಟಿಯಿಂದ ಹೊರಗೇ ಹೋಯಿತು. ಕೊರಳಿನ ಗುಳಿ ಒಳಗೆ ಒಳಗೆ ಹೋಗುತ್ತಿತ್ತು. ಉಗುರು ನೇರಳೆ ಹಣ್ಣಿನ ಬಣ್ಣವಾಗಿದ್ದವು. ಅವರ ಬೆರಳಿಗೆ ಹಾಕಿದ್ದ ಆಕ್ಸಿಜನ್ ನೋಡುವ ಸಣ್ಣ ಡಬ್ಬಿಯ ಮೇಲೆ ಅಂಕಿ ಇಳಿಯುತ್ತಲೇ ಇತ್ತು. ಅದನ್ನು ನೋಡಲಾಗದೆ ನಾನು ಅದರ ಮೇಲೆ ಕೈ ಮುಚ್ಚಿದೆ. ಇದಕ್ಕಿಂತ ದೊಡ್ಡ ಮೂರ್ಖತನ ಇರಲಿಕ್ಕಿಲ್ಲ, ಆದರೆ ಮಾಡಿದೆ.

ಆಗ ಮಾಮಾ ಎರಡು ಬೆರಳು ಎತ್ತಿದರು.

"ಒಂದ್... ದಮ್... ಕೊಡಲೇ."

ನನಗೆ ಆ ಹೊತ್ತಿನಲ್ಲಿ ಅರ್ಥವಾದದ್ದು ಬೀಡಿ. ಸಾಯುವ ಹೊತ್ತಿಗೂ ಬೀಡಿ ಬೇಕೇ ಈ ಮನುಷ್ಯನಿಗೆ ಅಂತ ಸಿಟ್ಟು ಬಂತು, ಅಳು ಬಂತು. ಅವರು ಕೇಳಿದ್ದು ಉಸಿರು ಅನ್ನುವುದು ಹೊಳೆಯುವುದರೊಳಗೆ, ರೂಢಿಬಿದ್ದ ನನ್ನ ಕೈ ತಾನೇ ಎದ್ದು ನನ್ನ ತುಟಿಗೆ ಹೋಗಿ, ಅಲ್ಲಿಂದ ಅವರ ತುಟಿಗೆ ಹೋಗಿತ್ತು. ಬಾಯಿ ತಾನೇ ಅಂದಿತ್ತು.

"ತೊಗೋರಿ ಉಸ್ತಾದ."

ಮಾಮಾ ಕಣ್ಣು ಮುಚ್ಚಿ ಎಳೆದರು.

ನನ್ನ ಎದೆಯೊಳಗಿಂದ ಏನೋ ಹೋಯಿತು. ಇದನ್ನು ಹೇಗೆ ಹೇಳಬೇಕೋ ತಿಳಿಯದು. ಬಾವಿಯಿಂದ ಕೊಡ ಎಳೆದ ಹಾಗೆ, ಒಳಗಿನಿಂದ ಒಮ್ಮೆ ಜಗ್ಗಿದ ಹಾಗೆ. ನಾನು ಬಾಯಿ ತೆರೆದು ಗಾಳಿ ತೆಗೆದುಕೊಂಡೆ, ಬಿಟ್ಟೆ. ಬಿಟ್ಟಾಗ ಹಿಂದಿನಿಂದ ಸದ್ದು ಬಂತು.

ಗುಳು.

ತಿರುಗಿ ನೋಡಿದೆ. ಮಷಿನ್ ಸತ್ತುಬಿದ್ದಿತ್ತು. ಒಂದು ದೀಪವೂ ಇಲ್ಲ. ಬಾಟ್ಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಮಷಿನ್ ನಡೆಯುವಾಗ ಬಿಡದೆ ಗುಳುಗುಳು ಅನ್ನುತ್ತದಲ್ಲ, ಹಾಗಲ್ಲ. ಒಮ್ಮೆ ಏಳುವುದು, ನಿಲ್ಲುವುದು. ಮತ್ತೆ ಏಳುವುದು, ನಿಲ್ಲುವುದು. ಒಳಗೆ ಯಾವುದೋ ಕಾಣದ ಗಾಳಿ ಉಳಿದಿರಬೇಕು, ಈಗ ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ನಾನು ಹೆದರಿ ಜೋರಾಗಿ ಏದುಸಿರು ಬಿಡುತ್ತಿದ್ದೆ. ಗುಳ್ಳೆಯೂ ಜೋರಾಗಿ ಏಳುತ್ತಿದ್ದವು. ಆಮೇಲೆ ಹೆದರಿಕೆಗೆ ನನ್ನ ಉಸಿರು ಒಮ್ಮೆ ಗಪ್ಪನೆ ನಿಂತಿತು. ನೀರು ಅಲ್ಲಾಡದೆ ನಿಂತುಬಿಟ್ಟಿತು.

ಮಂಚದ ಮೇಲೆ ಮಾಮಾರ ಕಣ್ಣು ಅಗಲವಾಗಿ ತೆರೆದವು. ಕೈ ಗಾಳಿಯಲ್ಲಿ ತಡಕಾಡಿತು.

ನಾನು ಉಸಿರು ಬಿಟ್ಟೆ. ಗುಳು. ಮಾಮಾರ ಎದೆ ಏರಿತು.

ಬೇಕೆಂದೇ ಇನ್ನೊಮ್ಮೆ ಉಸಿರು ಹಿಡಿದು ನೋಡಿದೆ. ನಿಂತಿತು. ಬಿಟ್ಟೆ, ಎದ್ದವು. ಮೂರನೇ ಸಲ ನೋಡುವ ಧೈರ್ಯ ನನಗಿರಲಿಲ್ಲ. ನಗಬೇಡಿ, ಅಂಥ ಹೊತ್ತಿನಲ್ಲಿ ನನಗೆ ಬಿಕ್ಕಳಿಕೆ ಶುರುವಾಯಿತು. ನನ್ನ ಮೈಗೆ ಮರ್ಯಾದೆ ಅನ್ನುವುದು ಯಾವತ್ತೂ ಇಲ್ಲ. ನಾನು ಹಿಕ್ ಅಂದರೆ ಬಾಟ್ಲಿ ಗುಳಕ್ ಅನ್ನುವುದು, ಮಂಚದ ಮೇಲೆ ಮಾಮಾ ಮೈ ಕುಲುಕುವುದು. ಬೇರೆಯವರು ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಮಾತ್ರ ಚಡ್ಡಿ ಒದ್ದೆಯಾಗಲಿಲ್ಲ ಅನ್ನುವುದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೇನೆ.

ಓಡಿಹೋಗಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಎದ್ದು ಬಾಗಿಲವರೆಗೆ ಹೋದೆ. ಹೊಸ್ತಿಲ ಹತ್ತಿರ ಹೋದ ಹಾಗೆ ಗುಳ್ಳೆ ಸಣ್ಣವಾದವು. ಒಂದು ಕಾಲು ಹೊರಗಿಟ್ಟೆ. ಒಂದೇ ಒಂದು ಗುಳ್ಳೆ ಎದ್ದು ಒಡೆಯಿತು. ಮಾಮಾ ನನ್ನನ್ನೇ ನೋಡುತ್ತಿದ್ದರು. ಅವರ ಬೆರಳು ಸ್ವಲ್ಪ ಅಲ್ಲಾಡಿದವು. ಹಿಂದಕ್ಕೆ ಬಂದು ಮಂಚದ ಕಾಲು ಹಿಡಿದು ನೆಲಕ್ಕೆ ಕೂತೆ. ಎಷ್ಟು ಹೆದರಿದರೂ ಒಂದೇ ಸಮ ಉಸಿರಾಡಬೇಕು. ಗಡಿಬಿಡಿ ಮಾಡಿದರೆ ಅವರಿಗೂ ಗಡಿಬಿಡಿ, ನಿಲ್ಲಿಸಿದರೆ ಅವರಿಗೂ ನಿಲ್ಲುವುದು. ನಾನು ಬಾಟ್ಲಿಯ ಮೇಲಿಂದ ಕಣ್ಣು ತೆಗೆಯದೆ, ಉದ್ದಕ್ಕೆ ಎಳೆದು ಉದ್ದಕ್ಕೆ ಬಿಡುತ್ತ ಕೂತೆ. ಅಂಕಿಯ ಡಬ್ಬಿಯಲ್ಲಿ ಒಂದೊಂದಾಗಿ ಅಂಕಿ ಏರತೊಡಗಿತು. ಅದು ಏರಿದ ಹಾಗೆ ನನಗೆ ಗೋಡೆ ದೂರ ಹೋದಂತೆ ಕಾಣತೊಡಗಿತು. ಕೈಬೆರಳಲ್ಲಿ ಇರುವೆ ಹರಿದಂತಾಯಿತು. ಎಷ್ಟೇ ಎಳೆದರೂ ಎದೆ ತುಂಬಲಿಲ್ಲ. ದಮ್ಮಿನವರಿಗೆ ಹೇಗಾಗುತ್ತದೆ ಅಂತ ಅವತ್ತು ನನಗೆ ತಿಳಿಯಿತು. ನೀರಿನೊಳಗೆ ಮುಳುಗಿ ಮೇಲೆ ಬೆಳಕು ನೋಡಿದ ಹಾಗೆ.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಫ್ಯಾನ್ ಕಿರ್ ಅಂದಿತು. ಮಷಿನ್ ಪೀಂಯ್ ಅಂತ ಎದ್ದಿತು. ಬಾಟ್ಲಿಯಲ್ಲಿ ಎಂದಿನ ಹಾಗೆ ಬಿಡದೆ ಗುಳುಗುಳು ಶುರುವಾಯಿತು. ಅದೇ ಕ್ಷಣಕ್ಕೆ ನನ್ನ ಎದೆಗೆ ಗಾಳಿ ಹೊಡೆದಂತೆ ನುಗ್ಗಿ, ನಾನು ಅಂಗಾತ ಬಿದ್ದೆ.

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬಂತು. ಅದರಲ್ಲಿ ಬಂದ ನರ್ಸ್ ಅಣ್ಣ ಮಾಮಾರ ಎದೆ ನೋಡಿ, ಬೆರಳು ನೋಡಿ, "ಈಗ ಬರೋಬ್ಬರಿ ಅದಾರ್ರಿ, ಆದ್ರೂ ಆಳಂದಕ್ಕ ಹೋಗೂಣು" ಅಂದ. ಆಮೇಲೆ ನನ್ನ ಕಡೆ ತಿರುಗಿದ.

"ನಿಮ್ಮ ತುಟಿ ಯಾಕ್ರಿ ಹಿಂಗ ನೀಲಿ ಆಗ್ಯಾವ? ನಿಮಗೂ ದಮ್ಮದ ಏನು?"

"ಇಲ್ರಿ. ನಾ ಬೀಡಿ ಸೈತ ಸೇದಂಗಿಲ್ಲ" ಅಂದೆ.

ಮಾಮಾರ ಬೆರಳಿನ ಡಬ್ಬಿ ತೆಗೆದು ನನ್ನ ಬೆರಳಿಗೆ ಹಾಕಿದ. ಅಂಕಿ ನೋಡಿದ. ಡಬ್ಬಿಯನ್ನು ಅಂಗೈಗೆ ಬಡಿದು ಮತ್ತೆ ಹಾಕಿದ. "ಇದು ಕೆಟ್ಟದ್ರೀ" ಅಂತ ತೆಗೆದಿಟ್ಟ. ಮರುದಿನ ಅದೇ ಡಬ್ಬಿ ಎಲ್ಲರ ಬೆರಳಿಗೂ ಸರಿಯಾಗಿಯೇ ತೋರಿಸಿತು.

ಸಂಜೆ ಅತ್ತಿ ಘತ್ತರಗಿಯಿಂದ ನೇರ ಆಳಂದದ ಆಸ್ಪತ್ರೆಗೆ ಓಡಿಬಂದಳು. ಮಾಮಾರ ಹಣೆಗೆ ಭಂಡಾರ ಹಚ್ಚಿದಳು, ನನ್ನ ಹಣೆಗೂ ಹಚ್ಚಿದಳು. "ನಾ ಉಡಿ ತುಂಬೂ ಹೊತ್ತಿಗೇ ಇವರಿಗೆ ಹಿಂಗಾಗ್ಯದ ನೋಡು. ಅವ್ವನೇ ಉಳಿಸ್ಯಾಳ" ಅಂತ ಅತ್ತಳು. ನಾನು ಹೌದು ಅಂದೆ. ಅವಳು ಹೇಳುವುದೇ ಖರೆ ಇದ್ದರೆ ನನಗೂ ಎಷ್ಟೋ ಹಗುರ.

ಅವಳು ಚಹಾ ತರಲು ಹೊರಗೆ ಹೋದಾಗ ಮಾಮಾ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಮಾತಿಗಿಂತ ಉಸಿರೇ ಹೆಚ್ಚಿತ್ತು.

"ಲೇ ಅಳಿಯಾ. ಮಧ್ಯಾಹ್ನ ಆ ಗಾಳಿ..."

"ಏನ್ರಿ ಮಾಮಾ?"

"ಉಳ್ಳಾಗಡ್ಡಿ ವಾಸನಿ ಬರಾಕತ್ತಿತ್ತಲೇ."

ಹೇಳಿ, ಅತ್ತ ಮಗ್ಗುಲಾದರು. ಅವತ್ತು ನಾನು ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಗುದ್ದಿಕೊಂಡು ತಿಂದಿದ್ದೆ. ಮಾಮಾ ಉಂಡದ್ದು ಗಂಜಿ. ಅವರ ಹತ್ತಿರ ಬಾಯಿ ಒಯ್ದು ಮಾತಾಡಿದ್ದಕ್ಕೆ ಬಂದ ವಾಸನೆ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಆಸ್ಪತ್ರೆಯ ಹೊರಗೆ ಬಂದು, ಬೇವಿನ ಗಿಡದ ಕೆಳಗೆ, ಉಂಡದ್ದೆಲ್ಲ ವಾಂತಿ ಮಾಡಿದೆ.

ಆಮೇಲೆ ತಿಳಿದವರನ್ನು ಕೇಳಿದೆ. ಮಷಿನ್ ರಿಪೇರಿ ಮಾಡುವವನು, ಒಳಗಿನ ಡಬ್ಬಿಯಲ್ಲಿ ಸ್ವಲ್ಪ ಗಾಳಿ ಉಳಿದಿರುತ್ತದೆ, ಒಂದಿಷ್ಟು ಹೊತ್ತು ಗುಳ್ಳೆ ಬರಬಹುದು ಅಂದ. ಅಷ್ಟು ಹೊತ್ತು ಬರುತ್ತವೆಯೇ ಅಂದರೆ, "ನೀವು ಹೆದರಿದ್ರಿ, ಹೊತ್ತು ಭಾಳ ಅನಿಸಿರ್ತದ" ಅಂದ. ಡಾಕ್ಟರು ನನ್ನ ಎದೆಯ ಫೋಟೋ ತೆಗೆಸಿ ನೋಡಿ, ನಿನ್ನ ಪುಪ್ಪುಸದಲ್ಲಿ ಲಾರಿ ಓಡಿಸಬಹುದು, ಅಷ್ಟು ಚೊಕ್ಕ ಇದೆ ಅಂದರು. ಬಾಟ್ಲಿ ನನ್ನ ಜೊತೆ ಬಿಕ್ಕಳಿಸಿದ್ದನ್ನು ಮಾತ್ರ ನಾನು ಇಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ಅವರು ತಲೆಯ ಫೋಟೋ ತೆಗೆಸುತ್ತಿದ್ದರು. ಒಬ್ಬನೇ ಇದ್ದಾಗ, ಕರೆಂಟ್ ಇಲ್ಲದ ಹೊತ್ತು ನೋಡಿ, ಆ ಬಾಟ್ಲಿಯ ಮುಂದೆ ಕೂತು ಉಸಿರಾಡಿಯೂ ನೋಡಿದ್ದೇನೆ. ನೀರು ನೀರಿನ ಹಾಗೆ ಸುಮ್ಮನಿತ್ತು.

ಮಾಮಾ ಈಗಲೂ ಇದ್ದಾರೆ. ಬೇನೆ ಇದ್ದಲ್ಲೇ ಇದೆ. ನಾವಿಬ್ಬರೂ ಆ ಆಟ ಬಿಟ್ಟಿದ್ದೇವೆ. ಬಿಡೋಣ ಅಂತ ಇಬ್ಬರೂ ಮಾತಾಡಲಿಲ್ಲ, ಅವರು ಮತ್ತೆ ಬೆರಳು ಎತ್ತಲಿಲ್ಲ, ಅಷ್ಟೇ. ಎತ್ತಿದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಕೊಡು ಅಂದವರಿಗೆ ಇಲ್ಲ ಅನ್ನಲು ನನಗೆ ಯಾರೂ ಕಲಿಸಿಲ್ಲ.

ಜೇವರ್ಗಿಯಲ್ಲಿ ದಿನಕ್ಕೆ ಒಮ್ಮೆಯಾದರೂ ಕರೆಂಟ್ ಹೋಗುತ್ತದೆ. ಹಾಡು ಅರ್ಧಕ್ಕೆ ನಿಲ್ಲುತ್ತದೆ, ಹುಡುಗರು ಹೋ ಅಂತ ಕೂಗುತ್ತಾರೆ. ಆ ಗದ್ದಲದಲ್ಲಿ ನಾನು ಒಂದು ಕಡೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಎಳೆದು ಉದ್ದಕ್ಕೆ ಬಿಡುತ್ತ ನಿಲ್ಲುತ್ತೇನೆ. ಹುಡುಗರು ನಾನು ಯೋಗ ಕಲಿಯುತ್ತಿದ್ದೇನೆ ಅಂತ ನಗುತ್ತಾರೆ. ಆ ಹೊತ್ತಿಗೆ ಖಜೂರಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನನಗೆ ಗೊತ್ತಿರುವುದಿಲ್ಲ. ಫೋನ್ ಮಾಡಿ ಕೇಳಬಹುದು. ಕೇಳುವುದಿಲ್ಲ. ಇಲ್ಲಿ ಕರೆಂಟ್ ಬರುವವರೆಗೆ ಉಸಿರಾಡುತ್ತಲೇ ಇರುತ್ತೇನೆ.